ಬೇಸಿಗೆಯಲ್ಲಿ ಮಾತ್ರ ಗುಂಯ್ಗುಡುವ ಕೇಬಲ್: ಹಿರಿಯಡಕ ಕಡೆಯ ಒಂದು ಮನೆಯ ಪ್ರಕರಣ

ಏಪ್ರಿಲ್ ಕೊನೆಯ ವಾರದಲ್ಲಿ ಹಿರಿಯಡಕದ ಆಚೆಯ ಒಂದು ಮನೆಯಿಂದ ಫೋನ್ ಬಂತು. ಸ್ಪೀಕರ್ ಹಾಳಾಗಿದೆಯೇ ಎಂದು ಕೇಳಿದೆ. "ಹಾಡು ಚೆನ್ನಾಗಿಯೇ ಬರುತ್ತದೆ ಮಾರಾಯರೇ, ಮುಟ್ಟಿದರೆ ಮಾತ್ರ ಜುಂ ಎನ್ನುತ್ತದೆ" ಎಂದರು ಯಜಮಾನರು. ಉತ್ಸವ, ಮದುವೆ, ಭಜನೆಗಳಿಗೆ ಸೌಂಡ್ ಹಾಕುವುದು ನನ್ನ ಕಸುಬು. ಮನೆಯೊಳಗಿನ ರಿಪೇರಿಗೆ ನಾನು ಸಾಮಾನ್ಯವಾಗಿ ಹೋಗುವುದಿಲ್ಲ. ಆದರೆ ಆ ಸ್ಪೀಕರ್ ಇರುವುದು ಹಾಸಿಗೆ ಹಿಡಿದ ಅಜ್ಜನ ತಲೆಯ ಬಳಿ ಎಂದು ತಿಳಿದ ಮೇಲೆ ನಾಳೆ ನೋಡೋಣ ಎನ್ನುವಂತಿರಲಿಲ್ಲ.

ಮನೆ ಎಂದರೆ ಎರಡು ಮನೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು, ದೊಡ್ಡ ಚಾವಡಿ ಇರುವ ಹಳೆಮನೆ ಒಂದು. ಅಂಗಳದ ಆಚೆ ತಾರಸಿಯ ಹೊಸಮನೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಮೀಟರ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಬೇರೆ ಬೇರೆ ಅರ್ಥಿಂಗ್ ಗುಂಡಿ. ಅಜ್ಜ ಪ್ರಾಯದಲ್ಲಿ ಮದ್ದಳೆ ನುಡಿಸಿದವರು. ಎರಡು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಹೊಸಮನೆಯ ಕೋಣೆ ಬಿಟ್ಟು ಏಳುವುದಿಲ್ಲ. ಹಳೆಮನೆಯ ಚಾವಡಿಯಲ್ಲಿ ಪ್ರತಿ ಸಂಜೆ ಭಜನೆ ನಡೆಯುತ್ತದೆ, ತಿಂಗಳಿಗೊಂದು ತಾಳಮದ್ದಳೆ ಕೂಟ ಇರುತ್ತದೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕೂಟಗಳ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಅಜ್ಜನಿಗೆ ಅದು ಕೇಳಬೇಕು. ಅದಕ್ಕಾಗಿ ಇಂಜಿನಿಯರಿಂಗ್ ಓದುವ ಮೊಮ್ಮಗ ಹಿಂದಿನ ಆಟಿಯಲ್ಲಿ, ಅಂದರೆ ಮಳೆಗಾಲದ ನಡುವೆ, ಒಂದು ವ್ಯವಸ್ಥೆ ಮಾಡಿದ್ದ. ಚಾವಡಿಯ ಸಣ್ಣ ಮಿಕ್ಸರಿನ ಟೇಪ್ ಔಟ್‌ನಿಂದ ಆರ್‌ಸಿಎ ಕೇಬಲ್ (ನಡುವೆ ಒಂದು ತಂತಿ, ಸುತ್ತ ತಂತಿಯ ಜಾಳಿಗೆ ಇರುವ ಮಾಮೂಲಿ ಆಡಿಯೊ ಕೇಬಲ್) ಹೊರಡುತ್ತದೆ, ಪಿವಿಸಿ ಪೈಪಿನೊಳಗೆ ಅಂಗಳ ದಾಟುತ್ತದೆ, ಅಜ್ಜನ ಕೋಣೆಯ ಸ್ಪೀಕರಿಗೆ ಸೇರುತ್ತದೆ. ಒಳಗೇ ಆಂಪ್ಲಿಫಯರ್ ಇರುವ, ಎಂಟು ಇಂಚಿನ ವೂಫರಿನ, ಮೂರು ಪಿನ್ನಿನ ಸ್ಪೀಕರ್ ಅದು. ಕೇಬಲ್ಲಿನ ಉದ್ದ 38 ಮೀಟರ್.

ಮುಂದಿನ ಕಥೆ ಹೇಳಿದ್ದು ಮೊಮ್ಮಗ. ಮಳೆಗಾಲವಿಡೀ ಯಾವ ತೊಂದರೆಯೂ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಗುಂಯ್ ಎನ್ನುವ ಸದ್ದು ಶುರುವಾಯಿತು, ಮಾರ್ಚಿನಲ್ಲಿ ಭಾಗವತರ ಪದವನ್ನೇ ನುಂಗುವಷ್ಟು ಬೆಳೆಯಿತು. ಅಂಗಡಿಯವರು, "ಕೇಬಲ್ ಉದ್ದವಾಯಿತು, ಡಬಲ್ ಶೀಲ್ಡ್ ಹಾಕಿ" ಎಂದರು, ಅಂದರೆ ಜಾಳಿಗೆ ಎರಡು ಪದರ ಇರುವ ಕೇಬಲ್. ಹಾಕಿದರು. ಸ್ವಲ್ಪ ಇಳಿಯಿತು, ಹೋಗಲಿಲ್ಲ. ಬ್ಲೂಟೂತ್ ನೋಡಿದರು, ಮುರಕಲ್ಲಿನ ಗೋಡೆ ದಾಟುವಾಗ ತುಂಡು ತುಂಡಾಗಿ ಬಂತು. ಕೊನೆಗೆ ಅವನು ಯಾವುದೋ ವಿಡಿಯೊ ನೋಡಿ ಸ್ಪೀಕರಿನ ಪ್ಲಗ್ಗಿನ ದೊಡ್ಡ ಪಿನ್ನನ್ನು, ಅಂದರೆ ಅರ್ಥ್ ಪಿನ್ನನ್ನು, ಮುರಿದು ತೆಗೆದ. ಗುಂಯ್ ಮಾಯವಾಯಿತು. ಮನೆಯಲ್ಲಿ ಎಲ್ಲರೂ ಅವನ ಬೆನ್ನು ತಟ್ಟಿದರು. ಎರಡು ವಾರದ ನಂತರ ಸೊಸೆ ಕೋಣೆ ಒರೆಸುವಾಗ ಕೇಬಲ್ ಕಳಚಿ, ಒದ್ದೆ ನೆಲದಲ್ಲಿ ನಿಂತು, ಸ್ಪೀಕರಿನ ಹಿಂಬದಿಯ ತಗಡು ಮುಟ್ಟಿದರು.

ಹುಡುಗನನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ಅರ್ಥ್ ಪಿನ್ ಮುರಿಯುವ ಚಾಳಿ ನಮ್ಮ ಸೌಂಡಿನವರಲ್ಲೇ ಬೇಕಾದಷ್ಟಿದೆ.

ಮೊದಲು ಕೇಬಲ್ ಕಳಚಿಯೇ ಇಟ್ಟು, ತಗಡಿಗೂ ಗೋಡೆಯ ಪ್ಲಗ್ಗಿನ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಹಿಡಿದೆ. ನೂರು ವೋಲ್ಟಿನ ಆಸುಪಾಸು ತೋರಿಸಿತು. ಇದರಲ್ಲಿ ವಿಚಿತ್ರವೇನಿಲ್ಲ. ಇಂಥ ಸ್ಪೀಕರುಗಳ ಪವರ್ ಸಪ್ಲೈಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಸ್ಪೀಕರಿನ ಲೋಹದ ಬಾಡಿಗೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ಥ್ ಇದ್ದರೆ ಅದರ ಸೋರಿಕೆ ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಬಾಡಿ 230ರ ಅರ್ಧದ ಹತ್ತಿರ ತೇಲುತ್ತದೆ. ಕರೆಂಟ್ ಬಹಳ ಸಣ್ಣದು, ಜುಂ ಎನ್ನುತ್ತದೆ ಅಷ್ಟೆ. ಭಯ ಇದ್ದದ್ದು ಬೇರೆ ಕಡೆ. ಕೇಬಲ್ ಸಿಕ್ಕಿಸಿದ್ದಾಗ ಈ ಸ್ಪೀಕರಿಗಿದ್ದ ಏಕೈಕ ಅರ್ಥಿಂಗ್ ಎಂದರೆ ಆರ್‌ಸಿಎ ಕೇಬಲ್ಲಿನ ತೆಳು ಜಾಳಿಗೆ, ಅದೂ ಅಂಗಳದಾಚೆಯ ಹಳೆಮನೆಯ ಗುಂಡಿಗೆ. ಸ್ಪೀಕರಿನೊಳಗೆ ಫೇಸ್ ತಂತಿ ಬಾಡಿಗೆ ತಾಗಿದರೆ ಆ ಕೂದಲಿನಂಥ ತಂತಿಗಳು ಹೊರಬೇಕಾದ ಭಾರ ಎಷ್ಟೆಂದು ಯೋಚಿಸಿ.

ಹೊಸ ಮೂರು ಪಿನ್ನಿನ ಪ್ಲಗ್ ಹಾಕಿದೆ. ಜುಂ ಹೋಯಿತು, ಗುಂಯ್ ಮರಳಿ ಬಂತು. "ಇದೆಂಥ ರಿಪೇರಿ?" ಎನ್ನುವಂತೆ ಸೊಸೆ ನನ್ನನ್ನು ನೋಡಿದರು.

ಶಂಕಿತರ ಪಟ್ಟಿ

ಇಂಥ ಸದ್ದಿಗೆ ಎಲ್ಲರೂ ಮೊದಲು ಬೈಯುವುದು ಕೇಬಲ್ಲಿನ ಉದ್ದವನ್ನು. ಉದ್ದಕ್ಕೆ ತನ್ನದೇ ಆದ ದೋಷ ಇದೆ, ಆದರೆ ಅದು ಗುಂಯ್ ಅಲ್ಲ. ಶೀಲ್ಡ್ ಇರುವ ಕೇಬಲ್ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟರಿನಂತೆ ವರ್ತಿಸುತ್ತದೆ. 38 ಮೀಟರಿಗೆ 3,800. ಕಳುಹಿಸುವ ಉಪಕರಣದ ಔಟ್‌ಪುಟ್ ಇಂಪೀಡೆನ್ಸ್ (ಒಳಗಿನ ತಡೆ) 10,000 ಓಮ್ ಆಗಿದ್ದರೆ ಸುಮಾರು 4 ಕಿಲೊಹರ್ಟ್ಸ್‌ನಿಂದ ಮೇಲಿನದು ಸವೆಯತೊಡಗುತ್ತದೆ. ಚಕ್ರತಾಳದ ಹೊಳಪು, ಚೆಂಡೆಯ ಚುರುಕು ಹೋಗಿ ಎಲ್ಲವೂ ಕಂಬಳಿ ಹೊದ್ದಂತೆ ಕೇಳುತ್ತದೆ. ಈ ಮಿಕ್ಸರಿನದು ಸುಮಾರು 1,000 ಓಮ್. ಹಾಗಾಗಿ ಸವೆತ ಶುರುವಾಗುವುದು 40 ಕಿಲೊಹರ್ಟ್ಸ್ ದಾಟಿದ ಮೇಲೆ, ಮನುಷ್ಯನ ಕಿವಿಯ ಗಡಿಯಿಂದ ಎಷ್ಟೋ ಆಚೆ. ತಾಳದ ದನಿ ಸ್ಪಷ್ಟವಾಗಿಯೇ ಇತ್ತು. ಉದ್ದ ನಿರಪರಾಧಿ.

ಎರಡನೆಯದು, ಅಂಗಳದ ದೀಪದ ವಯರ್ ಅದೇ ಪೈಪಿನಲ್ಲಿ ಜೊತೆಯಾಗಿ ಓಡುತ್ತಿತ್ತು. ಇದು ತಪ್ಪೇ. ಆದರೆ ದೀಪದ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ ನೋಡಿದರೆ ಸದ್ದಿನಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲ. ಬ್ರಹ್ಮಾವರದಲ್ಲಿ ಆಕಾಶವಾಣಿಯ ಗೋಪುರ ಇದೆಯಲ್ಲ, ಅದನ್ನೇ ಈ ತಂತಿ ಹಿಡಿಯುತ್ತಿರಬಹುದೇ ಎಂದು ಯಜಮಾನರು ಕೇಳಿದರು. ರೇಡಿಯೊ ನುಗ್ಗಿದರೆ ಮಾತೋ ಹಾಡೋ ಪಿಸುಗುಟ್ಟುತ್ತದೆ, ಹೀಗೆ ಒಂದೇ ಸಮನೆ ಗುಂಯ್ಗುಡುವುದಿಲ್ಲ.

ಮೂರನೆಯದು ಸ್ಪೀಕರಿನ ಒಳಗಿನ ಕೆಪಾಸಿಟರ್. ಇದನ್ನು ಸದ್ದಿನ ಸ್ಥಾಯಿಯೇ ಹೇಳುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್. ಪವರ್ ಸಪ್ಲೈಯ ಕೆಪಾಸಿಟರ್ ಸೋತರೆ ಬರುವ ಗುಂಯ್ ಅದರ ಇಮ್ಮಡಿ, 100. ಎರಡು ಅರ್ಥಿಂಗ್‌ಗಳ ವೋಲ್ಟೇಜ್ ಒಂದೇ ಇರದ ಅರ್ಥಿಂಗ್ ಜಗಳದಿಂದ ಬರುವುದು 50, ಅದರ ಜೊತೆಗೆ 150, 250ರಂಥ ಬೆಸ ಗುಣಕಗಳು. ಮೊಬೈಲಿನ ಸ್ಪೆಕ್ಟ್ರಮ್ ಆ್ಯಪ್ ತೆರೆದು ಸ್ಪೀಕರ್ ಮುಂದೆ ಹಿಡಿದೆ. 50 ಮತ್ತು 150ರಲ್ಲಿ ಎರಡು ಕಂಬ ಎದ್ದು ನಿಂತವು. 100ರಲ್ಲಿ ಏನೂ ಇಲ್ಲ.

ಅಷ್ಟರಲ್ಲಿ ಮಂಚದಿಂದ ಅಜ್ಜ, "ಮೊಬೈಲ್ ಯಾಕೆ? ಅದು ಬಿಳಿ ಐದು, ಮಂದ್ರದ ಮಂದ್ರ. ಚೂರು ಏರಿದೆ" ಎಂದರು.

ಹಾರ್ಮೋನಿಯಂನ ಬಿಳಿ ಐದನ್ನು, ಅಂದರೆ ಐದನೇ ಬಿಳಿ ಮನೆಯ ಸ್ವರವನ್ನು, ಸ್ಥಾಯಿ ಸ್ಥಾಯಿಯಾಗಿ ಕೆಳಗಿಳಿಸುತ್ತ ಹೋದರೆ 49 ಹರ್ಟ್ಸ್ ಸಿಗುತ್ತದೆ. 50 ಎಂದರೆ ಅದಕ್ಕಿಂತ ಅರ್ಧ ಸ್ವರದ ಮೂರನೇ ಒಂದು ಭಾಗ ಮೇಲೆ. ನಾನು ಮೊಬೈಲನ್ನು ಕಿಸೆಗೆ ಹಾಕಿಕೊಂಡೆ. ಇಡೀ ದಿನ ಈ ಸದ್ದಿನ ಜೊತೆ ಮಲಗುವವರು ಅವರು. ಕೇಳಬೇಕಾದದ್ದು ಅವರನ್ನೇ ಎಂದು ಆಗ ಹೊಳೆಯಿತು.

"ಅಜ್ಜ, ಇದು ಯಾವಾಗಲೂ ಇಷ್ಟೇ ಇರುತ್ತದೆಯೇ?"

"ಇಲ್ಲ. ಬೆಳಿಗ್ಗೆ ಒಂದು ಗಂಟೆ ಹೊತ್ತು ಜೋರು. ಮತ್ತೆ ಭಜನೆಯ ಹೊತ್ತಿಗೆ ಸರಿಯಾಗಿ ಶುರು. ದೇವರಿಗೂ ಅದಕ್ಕೂ ಏನೋ ಹಗೆ ಇರಬೇಕು."

ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಈ ಮನೆಯಲ್ಲಿ ಏನು ನಡೆಯುತ್ತದೆ ಎಂದು ಸೊಸೆಯನ್ನು ಕೇಳಿದೆ. ಅವರು ಯೋಚಿಸಲೂ ಇಲ್ಲ. "ಅಡಿಕೆ ಸಸಿಗೆ ನೀರು ಬಿಡುವುದು" ಎಂದರು.

ಬಾವಿಕಟ್ಟೆ

ಬಾವಿಯ ಒಂದು ಎಚ್‌ಪಿ ಪಂಪಿಗೆ ಕರೆಂಟ್ ಹಳೆಮನೆಯ ಬೋರ್ಡಿನಿಂದ. ಮಳೆಗಾಲದಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ. ಡಿಸೆಂಬರ್ ದಾಟಿದರೆ ದಿನಕ್ಕೆ ಎರಡು ಸಲ, ನೀರು ಕೆಳಗಿಳಿದಂತೆ ಇನ್ನೂ ಹೆಚ್ಚು ಹೊತ್ತು. ಮಳೆಗಾಲದಲ್ಲಿ ಸುಮ್ಮನಿದ್ದ ಕೇಬಲ್ ಬೇಸಿಗೆಯಲ್ಲಿ ಯಾಕೆ ಗುಂಯ್ಗುಟ್ಟಿತು ಎಂಬ ಪ್ರಶ್ನೆಗೆ ಉತ್ತರದ ಒಂದು ಬಾಲ ಕೈಗೆ ಸಿಕ್ಕಿತು. ನೀರು, ತೇವ, ತುಕ್ಕು ಎಂದರೆ ಮಳೆಗಾಲದಲ್ಲಿ ಕೆಡಬೇಕು. ಇಲ್ಲಿ ಎಲ್ಲವೂ ತಲೆಕೆಳಗು.

ಮರುದಿನ ವಯರಿಂಗ್ ಮಾಡುವ ನನ್ನ ಗೆಳೆಯನನ್ನು ಕರೆದುಕೊಂಡು ಹೋದೆ. ಅವನ ಬಳಿ ಮಿಲಿಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್, ಅರ್ಥ್ ಟೆಸ್ಟರ್ ಎರಡೂ ಇವೆ. ಆಡಿಯೊ ಕೇಬಲ್ ಕಳಚಿ, ಎರಡು ಮನೆಗಳ ಅರ್ಥ್‌ಗಳ ನಡುವೆ ಉದ್ದ ವಯರ್ ಎಳೆದು ಅಳೆದೆವು. ಪಂಪ್ ನಿಂತಿದ್ದಾಗ ಅರ್ಧ ವೋಲ್ಟೂ ಇಲ್ಲ. ಪಂಪ್ ಹಾಕಿದ ಕೂಡಲೇ 2 ವೋಲ್ಟ್. ಪಂಪಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲ್ಯಾಂಪಿನ ಬಾಯೊಳಗೆ ಹಾಕಿದರೆ ಸೊನ್ನೆ ಬರಬೇಕು, ಹೋದದ್ದೆಲ್ಲ ಮರಳಿ ಬರಬೇಕಲ್ಲ. 50 ಮಿಲಿಆಂಪಿಯರ್ ಬಂತು. ಅಷ್ಟು ಕರೆಂಟ್ ಮೋಟಾರಿನ ವೈಂಡಿಂಗಿನಿಂದ ಬಾಡಿಗೆ, ಬಾಡಿಯಿಂದ ಅರ್ಥ್‌ಗೆ ಸೋರುತ್ತಿತ್ತು. ಹಳೆಮನೆಯ ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸ್ 40 ಓಮ್. ಮುರಕಲ್ಲಿನ ನೆಲ ಏಪ್ರಿಲ್ ಹೊತ್ತಿಗೆ ಒಣಗಿ ಸುಟ್ಟ ಇಟ್ಟಿಗೆಯಂತಾಗಿರುತ್ತದೆ. ಗುಂಡಿಯ ಇದ್ದಿಲು, ಉಪ್ಪಿಗೆ ನೀರು ಹಾಕಿದವರು ಯಾರೂ ಇಲ್ಲ. 50 ಮಿಲಿಆಂಪಿಯರ್ ಗುಣಿಸು 40 ಓಮ್: ಸರಿಯಾಗಿ 2 ವೋಲ್ಟ್. ಹೊಸಮನೆಯ ಗುಂಡಿ ಬಚ್ಚಲಿನ ನೀರು ಹರಿಯುವ ಬದಿಯಲ್ಲಿತ್ತು, ಅದರದು 4 ಓಮ್ ಮಾತ್ರ.

ಈಗ ಆಡಿಯೊ ಕೇಬಲ್ ಸಿಕ್ಕಿಸಿ, ಪಂಪ್ ಹಾಕಿ, ಕ್ಲ್ಯಾಂಪನ್ನು ಆ ಆಡಿಯೊ ಕೇಬಲ್ಲಿನ ಸುತ್ತವೇ ಹಿಡಿಯಲು ಹೇಳಿದೆ. "ಅದರಲ್ಲಿ ಏನು ಬರುತ್ತದೆ?" ಎಂದು ನಗುತ್ತ ಹಿಡಿದವನು ಮೀಟರ್ ನೋಡಿ ಸುಮ್ಮನಾದ. 44 ಮಿಲಿಆಂಪಿಯರ್.

ಮೇಲಿನ ಗದ್ದೆಗೂ ಕೆಳಗಿನ ಗದ್ದೆಗೂ ನಡುವಿನ ಹುಣಿ ಕಡಿದರೆ ನೀರು ಯಾವ ದಾರಿ ಹಿಡಿಯುತ್ತದೆ ಎಂದು ನಮ್ಮ ಊರಿನವರಿಗೆ ಹೇಳಿಕೊಡಬೇಕಿಲ್ಲ. ಪಂಪಿನ ಸೋರಿಕೆಗೆ ಒಂದು ದಾರಿ 40 ಓಮಿನ ಒಣ ಗುಂಡಿ. ಇನ್ನೊಂದು ದಾರಿ ಮಿಕ್ಸರಿನ ಬಾಡಿ, ಕೇಬಲ್ಲಿನ ಜಾಳಿಗೆ, ಸ್ಪೀಕರಿನ ಬಾಡಿ, ಅಲ್ಲಿಂದ ಹೊಸಮನೆಯ 4 ಓಮಿನ ತಂಪು ಗುಂಡಿ. ಡಬಲ್ ಶೀಲ್ಡ್ ಕೇಬಲ್ಲಿನ ಜಾಳಿಗೆ ಒಂದು ಓಮ್ ಎಂದರೂ ಈ ದಾರಿಯ ಒಟ್ಟು ತಡೆ 5 ಓಮ್. ಹತ್ತರಲ್ಲಿ ಒಂಬತ್ತು ಪಾಲು ಕರೆಂಟ್ ಅಂಗಳ ದಾಟಿ ಬರುತ್ತಿತ್ತು. ಹಾಡು ಹೊರಲು ಎಳೆದ ಕೇಬಲ್ ಹಳೆಮನೆಯ ಅರ್ಥಿಂಗ್ ವಯರಾಗಿ ದುಡಿಯುತ್ತಿತ್ತು.

ಅದು ಸದ್ದಾಗುವುದು ಹೀಗೆ. ಆರ್‌ಸಿಎ ಕೇಬಲ್ಲಿನಲ್ಲಿ ಹಾಡು ಹೋಗುವುದು ನಡುವಿನ ತಂತಿಯಲ್ಲಿ, ಮರಳುವುದು ಜಾಳಿಗೆಯಲ್ಲಿ. ಸ್ಪೀಕರ್ ನೋಡುವುದು ಇವೆರಡರ ನಡುವಿನ ವೋಲ್ಟೇಜನ್ನು. ಜಾಳಿಗೆಯ ಒಂದು ಓಮಿನಲ್ಲಿ 44 ಮಿಲಿಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ 44 ಮಿಲಿವೋಲ್ಟ್ ಹುಟ್ಟುತ್ತದೆ, ಅದು ನೇರವಾಗಿ ಹಾಡಿಗೆ ಸೇರುತ್ತದೆ. ಹಾಡೇ ಸುಮಾರು 316 ಮಿಲಿವೋಲ್ಟ್. ಮನೆಬಳಕೆಯ ಆಡಿಯೊ ಉಪಕರಣಗಳ ರೂಢಿಯ ಮಟ್ಟ ಅದು. ಅಂದರೆ ಹಾಡಿನ ಏಳನೇ ಒಂದು ಭಾಗದಷ್ಟು ಗುಂಯ್. ಮೊದಲಿದ್ದ ತೆಳು ಕೇಬಲ್ಲಿನ ಜಾಳಿಗೆ ಎರಡು ಓಮ್ ಇತ್ತು, ಆಗ ಇದರ ಇಮ್ಮಡಿ. ಹಾಗಾಗಿ ದುಬಾರಿ ಕೇಬಲ್ ಮಾರಿದ ಅಂಗಡಿಯವರು ಪೂರ್ತಿ ಸುಳ್ಳು ಹೇಳಿರಲಿಲ್ಲ. ಸದ್ದು ಅರ್ಧವಾಗಿತ್ತು, ಅವರು ಹೇಳಿದ ಕಾರಣಕ್ಕಲ್ಲ ಅಷ್ಟೆ. ಶೀಲ್ಡ್ ಹೊರಗಿನ ಏನನ್ನೋ ತಡೆದದ್ದರಿಂದ ಅಲ್ಲ, ತಾಮ್ರ ದಪ್ಪವಾದದ್ದರಿಂದ.

ಇಲ್ಲಿ ನನ್ನ ಗೆಳೆಯ ಬೋರ್ಡಿನ ಮುಚ್ಚಳ ತೆಗೆದು ನನ್ನನ್ನು ಕರೆದ. ಹಳೆಮನೆಯಲ್ಲಿ, ಕರೆಂಟ್ ಅರ್ಥ್‌ಗೆ ಸೋರಿದರೆ ತಾನೇ ಬೀಳುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇತ್ತು. ಅದಕ್ಕೆ ಬಂದ ವಯರುಗಳನ್ನು ಯಾರೋ ಹೊರಗಿನಿಂದಲೇ ಜೋಡಿಸಿ ಬೈಪಾಸ್ ಮಾಡಿದ್ದರು. "ಪದೇ ಪದೇ ಬೀಳುತ್ತಿತ್ತು, ಹಾಳಾಗಿದೆ ಎಂದರು" ಎಂದರು ಯಜಮಾನರು. ಅದು ಹಾಳಾಗಿರಲಿಲ್ಲ. 50 ಮಿಲಿಆಂಪಿಯರ್ ಸೋರುವ ಪಂಪ್ ಹಾಕಿದಾಗಲೆಲ್ಲ ಬೀಳುವುದೇ ಅದರ ಕೆಲಸ.

ಮೋಟಾರಿನ ವೈಂಡಿಂಗ್ ಪೂರ್ತಿ ಬಾಡಿಗೆ ತಾಗಿತು ಎಂದುಕೊಳ್ಳಿ. ಆಡಿಯೊ ಕೇಬಲ್ ಇಲ್ಲದಿದ್ದರೆ 230 ವೋಲ್ಟ್ ಭಾಗಿಸು 40 ಓಮ್, ಆರು ಆಂಪಿಯರೂ ಆಗುವುದಿಲ್ಲ. 16 ಆಂಪಿಯರಿನ ಎಂಸಿಬಿ ಅದನ್ನು ಪಂಪಿನದೇ ಕರೆಂಟ್ ಎಂದುಕೊಂಡು ಸುಮ್ಮನಿರುತ್ತದೆ, ಹಳೆಮನೆಯ ಅರ್ಥ್‌ಗೆ ಸೇರಿದ ಪ್ರತಿಯೊಂದು ತಗಡೂ 230ರ ಹತ್ತಿರ ಏರಿ ಕುಳಿತಿರುತ್ತದೆ. ಕೇಬಲ್ ಇದ್ದು, ಸ್ಪೀಕರಿನ ಅರ್ಥ್ ಪಿನ್ ಮುರಿದಿದ್ದ ಆ ಎರಡು ವಾರಗಳಲ್ಲಿ ಹೀಗಾಗಿದ್ದರೆ ಆ ವೋಲ್ಟೇಜು ಅಂಗಳ ದಾಟಿ ಅಜ್ಜನ ತಲೆಯ ಬಳಿಗೆ ಬರುತ್ತಿತ್ತು. ಮೊಮ್ಮಗನಿಗೆ ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿದೆ. ಬಯ್ಯುವ ಅಗತ್ಯ ಬೀಳಲಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ನನ್ನ ವ್ಯಾನಿನಲ್ಲಿ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮೊದಲ ದಿನವೇ ಇತ್ತು, ಹಾಡನ್ನು ದಾಟಿಸಿ ಎರಡು ಬದಿಯ ತಂತಿಗಳನ್ನು ಬೇರೆಯಾಗಿಡುವ ಸಾಧನ ಅದು. ಅದನ್ನು ನಡುವೆ ಹಾಕಿದ್ದರೆ ಹತ್ತು ನಿಮಿಷದಲ್ಲಿ ಗುಂಯ್ ನಿಂತು, ದುಡ್ಡು, ಚಹಾ ಎರಡೂ ಸಿಗುತ್ತಿದ್ದವು. ಪಂಪ್ ಸೋರುತ್ತಲೇ ಇರುತ್ತಿತ್ತು, ಗುಂಡಿ ಒಣಗಿಯೇ ಇರುತ್ತಿತ್ತು, ಮತ್ತು ಅದನ್ನು ಹೇಳುತ್ತಿದ್ದ ಒಂದೇ ಒಂದು ಬಾಯಿಯನ್ನು ನಾನೇ ಮುಚ್ಚಿಸಿ ಬಂದಂತಾಗುತ್ತಿತ್ತು. ಎಷ್ಟು ಕಡೆ ಹೀಗೆ ಮುಚ್ಚಿಸಿ ಬಂದಿದ್ದೇನೋ ಎಂದು ಆ ರಾತ್ರಿ ಸ್ವಲ್ಪ ಹೊತ್ತು ನಿದ್ದೆ ಬರಲಿಲ್ಲ.

ರಿಪೇರಿ

ಮೋಟಾರನ್ನು ವೈಂಡಿಂಗಿಗೆ ಕಳುಹಿಸಿದರು. ಹಳೆಮನೆಗೆ ಬಾವಿಯ ಬದಿಯ ತೇವದ ಜಾಗದಲ್ಲಿ ಹೊಸ ಗುಂಡಿ ತೋಡಿ, ಎರಡೂವರೆ ಮೀಟರಿನ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ನೀರು ಹಾಕಲು ಮೇಲೆ ಕೊಳವೆ ಬಿಟ್ಟರು. ರೆಸಿಸ್ಟೆನ್ಸ್ 5 ಓಮಿಗೆ ಇಳಿಯಿತು. ಆರ್‌ಸಿಸಿಬಿಗೆ ಅದರ ಕೆಲಸ ಮರಳಿ ಕೊಟ್ಟರು. ಆಮೇಲೆ ಅದು ಬೀಳಲಿಲ್ಲ.

ಇಷ್ಟಾದ ಮೇಲೆ, ಬೇರೇನನ್ನೂ ಮುಟ್ಟದೆ, ಹಳೆಯ ಡಬಲ್ ಶೀಲ್ಡ್ ಕೇಬಲ್ಲನ್ನೇ ಸಿಕ್ಕಿಸಿ ಕೇಳಿದೆವು. ಪಂಪ್ ಓಡುತ್ತಿದ್ದರೂ ಸದ್ದು ಬಹುತೇಕ ಇಲ್ಲ. ಸ್ಪೀಕರಿಗೆ ಕಿವಿ ಕೊಟ್ಟರೆ ಮಾತ್ರ ಜೇನುಹುಳದಷ್ಟು. "ಹಾಗಾದರೆ ಸಾಕಲ್ಲ?" ಎಂದರು ಯಜಮಾನರು. ಭಜನೆಗೆ ಸಾಕಿತ್ತು. ಆದರೆ ಎರಡು ಗುಂಡಿಗಳು ಎರಡೇ. ಫ್ರಿಜ್, ಇನ್ವರ್ಟರ್, ಮುಂದೆ ಬರುವ ಇನ್ನೊಂದು ಮೋಟಾರ್, ಯಾವುದರ ಸೋರಿಕೆ ಎಂದು ಬಂದರೂ ಅದು ಮತ್ತೆ ಇದೇ ಜಾಳಿಗೆ ಹುಡುಕಿಕೊಂಡು ಬರುತ್ತದೆ. ಎರಡು ಮನೆಗಳ ನಡುವೆ ಹಾಡು ದಾಟಲಿ, ಲೋಹ ದಾಟಬಾರದು ಎಂದೆ.

ಅದಕ್ಕೆ ದಾರಿಗಳು ಹಲವು. ಆಪ್ಟಿಕಲ್ ಕೇಬಲ್ಲಿನಲ್ಲಿ ಲೋಹವೇ ಇಲ್ಲ, ಆದರೆ ಮನೆಬಳಕೆಯ ಪ್ಲಾಸ್ಟಿಕ್ ಎಳೆಯ ಆಪ್ಟಿಕಲ್ ಆಡಿಯೊ ಕೇಬಲ್ ಹತ್ತು ಮೀಟರ್ ದಾಟಿದರೆ ನಂಬುವಂತಿಲ್ಲ. ಆಂಪ್ಲಿಫಯರನ್ನು ಚಾವಡಿಯಲ್ಲೇ ಇಟ್ಟು, ಕೋಣೆಯಲ್ಲಿ ಬರೀ ಸ್ಪೀಕರ್ ಇಡುವುದು ನಿಜಕ್ಕೂ ಎಲ್ಲಕ್ಕಿಂತ ಸರಳ. ಬರೀ ಸ್ಪೀಕರಿಗೆ ಅರ್ಥ್ ಇಲ್ಲ, ಆದ್ದರಿಂದ ಜಗಳವೂ ಇಲ್ಲ. 2.5 ಚದರ ಮಿಲಿಮೀಟರಿನ ತಾಮ್ರದ ವಯರ್ ಹೋಗಿಬರುವ 76 ಮೀಟರಿಗೆ ಸುಮಾರು ಅರ್ಧ ಓಮ್. 8 ಓಮಿನ ಸ್ಪೀಕರಿಗೆ ಅರ್ಧ ಡೆಸಿಬೆಲ್‌ನಷ್ಟು ನಷ್ಟ, ಯಾರ ಕಿವಿಗೂ ತಿಳಿಯದು. ಇನ್ನೂ ದೂರವಿದ್ದರೆ ದೇವಸ್ಥಾನಗಳಲ್ಲಿ ಮಾಡುವಂತೆ, ಹಾಡನ್ನು ಹೆಚ್ಚಿನ ವೋಲ್ಟೇಜಿಗೆ ಏರಿಸಿ ಕಳುಹಿಸುವ 100 ವೋಲ್ಟ್ ಲೈನ್. ಅದರಲ್ಲಿ 10 ವಾಟಿನ ಸ್ಪೀಕರ್ 1,000 ಓಮಿನಂತೆ ಕಾಣುವುದರಿಂದ ವಯರಿನ ಒಂದೆರಡು ಓಮ್ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅಜ್ಜನಿಗೆ ವಾಲ್ಯೂಮ್ ತಮ್ಮ ಕೈಯಲ್ಲೇ ಇರಬೇಕಿತ್ತು, ಅದೇ ಸ್ಪೀಕರಿನಲ್ಲಿ ಮೊಬೈಲಿನ ಹಳೆಯ ಯಕ್ಷಗಾನವೂ ಕೇಳಬೇಕಿತ್ತು. ಹಾಗಾಗಿ ಸ್ಪೀಕರ್ ಅದೇ ಉಳಿಯಿತು, ಕೇಬಲ್ ಬದಲಾಯಿತು.

ಮಿಕ್ಸರಿನ ಟೇಪ್ ಔಟ್ ಬಿಟ್ಟು ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ಔಟ್‌ಪುಟ್ ಹಿಡಿದೆವು. ಇದರಲ್ಲಿ ಹಾಡಿಗೆ ಎರಡು ತಂತಿ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ತುದಿಯಲ್ಲಿ ನೋಡುವುದು ಎರಡರ ವ್ಯತ್ಯಾಸವನ್ನು ಮಾತ್ರ. ದಾರಿಯಲ್ಲಿ ಏನು ಮೆತ್ತಿಕೊಂಡರೂ ಎರಡಕ್ಕೂ ಸಮನಾಗಿ ಮೆತ್ತುತ್ತದೆ. ತಕ್ಕಡಿಯ ಎರಡೂ ತಟ್ಟೆಗೆ ಒಂದೊಂದು ಬೆಲ್ಲದ ಅಚ್ಚು ಹಾಕಿದರೆ ಮುಳ್ಳು ಅಲುಗುವುದಿಲ್ಲವಲ್ಲ, ಹಾಗೆ. ಆ ಸಮಪಾಲು ಸಿಗಬೇಕಾದರೆ ಎರಡು ತಂತಿ ಒಂದಕ್ಕೊಂದು ಹೆಣೆದುಕೊಂಡಿರಬೇಕು. ಹಾಗೆ ಹೆಣೆದ ಅಗ್ಗದ ಕೇಬಲ್ ಪ್ರತಿ ಊರಿನಲ್ಲೂ ಸಿಗುತ್ತದೆ: ಇಂಟರ್ನೆಟ್ಟಿಗೆ ಎಳೆಯುವ ಕ್ಯಾಟ್ 6. ಅದರಲ್ಲಿ ನಾಲ್ಕು ಜೋಡಿ, ನಮಗೆ ಬೇಕಾದದ್ದು ಒಂದು. ಮೀಟರಿಗೆ 50 ಪಿಕೊಫ್ಯಾರಡ್ ಅಷ್ಟೆ, ಆಡಿಯೊ ಕೇಬಲ್ಲಿನ ಅರ್ಧ. ಹೊರಾಂಗಣಕ್ಕೆ ಒಗ್ಗುವ ಕಪ್ಪು ಸಿಪ್ಪೆಯದನ್ನು, ದೀಪದ ವಯರಿನಿಂದ ದೂರ, ಬೇರೆಯೇ ಪೈಪಿನಲ್ಲಿ ಎಳೆದೆವು.

ಕೋಣೆಯ ತುದಿಯಲ್ಲಿ ಟ್ರಾನ್ಸ್‌ಫಾರ್ಮರ್. ಇಲ್ಲಿ ಒಂದು ತಪ್ಪು ಮಾಡಿದೆ. ವ್ಯಾನಿನಲ್ಲಿದ್ದದ್ದು ಬೆರಳ ತುದಿಯಷ್ಟು ದೊಡ್ಡ, ಟೆಲಿಫೋನ್ ಜಾತಿಯ 600 ಓಮಿನದು. ಗುಂಯ್ ಪೂರ್ತಿ ಹೋಯಿತು, ನಾನು ಸಾಮಾನು ಕಟ್ಟತೊಡಗಿದೆ. ಅಜ್ಜ ಒಂದು ಪದ ಕೇಳಿ, "ಮದ್ದಳೆಯ ಎಡಕ್ಕೆ ಏನಾಗಿದೆ? ರಟ್ಟು ಬಡಿದಂತೆ ಕೇಳುತ್ತದೆ" ಎಂದರು. ಸಣ್ಣ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಕಡಿಮೆ, ತಗ್ಗು ಸ್ವರಕ್ಕೆ ಬೇಕಾದ ಕಾಂತಶಕ್ತಿಯನ್ನು ತಾಳಲಾರದೆ ಅದು ಬೇಗ ತುಂಬಿಬಿಡುತ್ತದೆ. ಮಾತಿಗೆ ಸರಿ, ಮದ್ದಳೆಗೆ ಅಲ್ಲ. ಎರಡು ದಿನ ಬಿಟ್ಟು ದೊಡ್ಡ ಕೋರಿನ 10,000 ಓಮಿನದನ್ನು ತಂದು ಹಾಕಿದೆ. ಮಿಕ್ಸರಿನ ಬ್ಯಾಲೆನ್ಸ್ಡ್ ಮಟ್ಟ 1.23 ವೋಲ್ಟ್, ಸ್ಪೀಕರ್ ಬಯಸುವುದು 0.316, ಸುಮಾರು 12 ಡೆಸಿಬೆಲ್ ಹೆಚ್ಚು. ಟ್ರಾನ್ಸ್‌ಫಾರ್ಮರಿನ ಆಚೆ 10 ಕಿಲೊಓಮ್ ಸರಣಿಯಲ್ಲಿ, 3.3 ಕಿಲೊಓಮ್ ಅಡ್ಡಕ್ಕೆ ಬೆಸೆದು ಅದನ್ನು ಇಳಿಸಿದೆ.

ಕ್ಯಾಟ್ 6ರಲ್ಲಿ ಲೋಹ ಇದೆ, ಆದರೆ ಅದು ಟ್ರಾನ್ಸ್‌ಫಾರ್ಮರಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಆಚೆಗೆ ದಾಟುವುದು ಕಾಂತಕ್ಷೇತ್ರ ಮಾತ್ರ. ಸಿಡಿಲಿಗೆ ಮಾತ್ರ ಇದು ಯಾವ ಲೆಕ್ಕವೂ ಅಲ್ಲ. ಮುಂಗಾರಿನ ಮುಂಚೆ, ಮತ್ತೆ ಅಕ್ಟೋಬರಿನಲ್ಲಿ ನಮ್ಮ ಕಡೆ ಗುಡುಗು ಹೇಗಿರುತ್ತದೆ ಎಂದು ಗೊತ್ತೇ ಇದೆ. ಎರಡು ಕಟ್ಟಡಗಳ ನಡುವಿನ ಉದ್ದ ತಾಮ್ರದಲ್ಲಿ ಹುಟ್ಟುವ ವೋಲ್ಟೇಜಿಗೆ ಆ ಪುಟ್ಟ ಟ್ರಾನ್ಸ್‌ಫಾರ್ಮರಿನ ಎನಾಮಲ್ ತಡೆಯಲ್ಲ. ಎರಡೂ ತುದಿಗೆ ಸುಲಭವಾಗಿ ಕಳಚುವ ಪ್ಲಗ್ ಇಟ್ಟು, ಆಕಾಶ ಕಪ್ಪಾಗುವಾಗಲೇ ಎಳೆದುಬಿಡಲು ಸೊಸೆಗೆ ಹೇಳಿದೆ. ಟಿವಿಯದನ್ನು ಹೇಗೂ ಎಳೆಯುತ್ತೇನೆ, ಜೊತೆಗೆ ಇದನ್ನೂ ಎಳೆದರಾಯಿತು ಎಂದರು.

ಉಳಿದ ಒಂದು

ಪತ್ತನಾಜೆ ಕಳೆದು ಮೊದಲ ಕೂಟ ಆಯಿತು. ಮರುದಿನ ಬೆಳಿಗ್ಗೆಯೇ ಫೋನ್, ಈ ಸಲ ಅಜ್ಜನದೇ. ಗುಂಯ್ ಇಲ್ಲ, ಅರ್ಥಧಾರಿಗಳ ಒಂದೊಂದು ಅಕ್ಷರವೂ ಸ್ಪಷ್ಟ. "ಆದರೆ ಚೆಂಡೆಯವರು ಇಬ್ಬರಿದ್ದಾರೆ. ಎರಡನೆಯವನು ತಾಳ ತಪ್ಪುತ್ತಾನೆ."

ಇದು ಗುಂಯ್ ಇದ್ದಾಗಲೂ ಇದ್ದಿರಬೇಕು, ಗುಂಯ್ ಇದನ್ನು ಮುಚ್ಚಿತ್ತು. ಕೇಬಲ್ಲಿನಲ್ಲಿ ಬರುವ ಚೆಂಡೆ ಕೂಡಲೇ ಬರುತ್ತದೆ. ಅದೇ ಚೆಂಡೆಯ ನಿಜವಾದ ಪೆಟ್ಟು ಅಂಗಳದ ಗಾಳಿಯಲ್ಲಿ, ಸೆಕೆಂಡಿಗೆ ಸುಮಾರು 347 ಮೀಟರ್ ವೇಗದಲ್ಲಿ, ತೆರೆದ ಕಿಟಕಿಯಿಂದ ನಿಧಾನಕ್ಕೆ ಬರುತ್ತದೆ. ಕಿಟಕಿ ಮುಚ್ಚಿದರೆ ಸೆಕೆ, ಅಜ್ಜ ಒಪ್ಪುವುದಿಲ್ಲ. ಉತ್ಸವದ ಗದ್ದೆಗಳಲ್ಲಿ ದೂರದ ಸ್ಪೀಕರಿಗೆ ಹಾಕುವ, ಸದ್ದನ್ನು ಬೇಕಾದಷ್ಟು ತಡಮಾಡಿ ಕಳುಹಿಸುವ ಡಿಲೇ ಪೆಟ್ಟಿಗೆಯೊಂದು ನನ್ನಲ್ಲಿ ಖಾಲಿ ಬಿದ್ದಿತ್ತು. ಮುಂದಿನ ಕೂಟದ ದಿನ ಅದನ್ನು ಮಿಕ್ಸರಿನ ಬಳಿ ಇಟ್ಟೆ. ಚಾವಡಿಯಿಂದ ಕಿಟಕಿಗೆ ನೇರ ದೂರ ಹೆಜ್ಜೆ ಹಾಕಿ ನೋಡಿದರೆ 30 ಮೀಟರ್. ಲೆಕ್ಕಕ್ಕೆ ಬಂದದ್ದು 86 ಮಿಲಿಸೆಕೆಂಡ್. ಹಾಗೆಯೇ ಇಟ್ಟು, ಅಜ್ಜನ ಮಂಚದ ಬಳಿ ಬಂದು ಕುಳಿತೆ.

ಅವರು ಕಣ್ಣು ಮುಚ್ಚಿ, ಬೆರಳಲ್ಲಿ ಮಂಚದ ಅಂಚಿಗೆ ತಾಳ ಹಾಕುತ್ತ ಒಂದು ಪದ ಪೂರ್ತಿ ಕೇಳಿದರು. "ಈಗ ಸ್ಪೀಕರಿನವನು ಹಿಂದೆ. ಚೂರೇ ಚೂರು" ಎಂದರು. ಮೊಮ್ಮಗ ಚಾವಡಿಯಿಂದ ಫೋನಿನಲ್ಲಿದ್ದ. 84 ಎಂದೆ, ಅಜ್ಜ ತಲೆ ಅಲ್ಲಾಡಿಸಿದರು. 82. ಮತ್ತೆ ಇಲ್ಲ. 80ಕ್ಕೆ ಬೆರಳು ನಿಲ್ಲಲಿಲ್ಲ, ಮಾತೂ ಬರಲಿಲ್ಲ.

ಕೂಟ ಮುಗಿದ ಮೇಲೆ ಟೇಪ್ ಹಿಡಿದು ಅಂಗಳ ಅಳೆದೆ. 28 ಮೀಟರ್ ಇತ್ತು.